ಎರಡು ಸಲ ತಟ್ಟಿದರೆ

ಜನವರಿ 9

ಮೇಡಂ,

ನಿನ್ನೆ ನಿಮ್ಮ ಕೋಣೆಯಲ್ಲಿ ನಲವತ್ತು ನಿಮಿಷ ಕೂತಿದ್ದೆ. ಅಷ್ಟರಲ್ಲಿ ಹತ್ತೊಂಬತ್ತು ಸಲ "ಹೌದು" ಎಂದೆ. ಅದರಲ್ಲಿ ನಿಜವಾದವು ಎರಡೇ. ನನಗೆ ಐವತ್ತೊಂದು ವರ್ಷ ಎಂಬುದು ಒಂದು, ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕ ಹೊಲಿಯುತ್ತೇನೆ ಎಂಬುದು ಇನ್ನೊಂದು. ಉಳಿದವೆಲ್ಲ ಸುಳ್ಳು. ಕುರ್ಚಿ ಹಿತವಾಗಿರಲಿಲ್ಲ. ನೆತ್ತಿಯ ಮೇಲಿನ ಟ್ಯೂಬ್‌ಲೈಟು ಕೊರೆಯುತ್ತಿತ್ತು. ಪೆಪ್ಪರ್‌ಮಿಂಟಿನ ಬಟ್ಟಲನ್ನು ನನ್ನತ್ತ ಸರಿಸಿ "ತಗೊಳ್ಳಿ" ಎಂದಿರಿ, ಮೂರು ತಿಂದೆ. ಆಮೇಲೆ ಕೆಳಗಿಳಿದು ಬಂದು, ಸೈಕಲ್ ನಿಲ್ಲಿಸುವ ಜಾಗದಲ್ಲಿ ಗೋಡೆ ಹಿಡಿದು ವಾಂತಿ ಮಾಡಿದೆ.

ತಪ್ಪು ತಿಳಿಯಬೇಡಿ. ಎದುರಿಗೆ ಯಾರಾದರೂ ಕೂತು ಏನಾದರೂ ಕೇಳಿದರೆ ನನ್ನ ಬಾಯಿ ತಾನಾಗಿ ಹೌದು ಎನ್ನುತ್ತದೆ. ಅದನ್ನು ಹಾಗೆ ಕಲಿಸಿದ್ದಾರೆ. ಬರೆಯುವಾಗ ಮಾತ್ರ ನನಗೆ ಇಲ್ಲ ಎನ್ನಲು ಬರುತ್ತದೆ, ಅದಕ್ಕೇ ಈ ಕಾಗದ.

ಆರರಿಂದ ಹನ್ನೊಂದರ ವಯಸ್ಸಿನವರೆಗೆ ನನ್ನನ್ನು ಒಂದು ಶಾಲೆಗೆ ಕಳಿಸುತ್ತಿದ್ದರು. ನನ್ನಂಥ ಮಕ್ಕಳನ್ನು "ಎಲ್ಲರಂತೆ" ಮಾಡುವ ಶಾಲೆ. ಆಟಿಸಂ ಎಂಬ ಹೆಸರು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಆಗ ನಮಗಿದ್ದ ಹೆಸರು "ಮೊಂಡು". ಅಲ್ಲೊಬ್ಬ ಮಾಸ್ತರರು, ಮೂಲೆ ಒಡೆದ ಒಂದು ಮೇಜು. ಎರಡೂ ಅಂಗೈ ಮೇಜಿನ ಮೇಲೆ ಊರಿ ಕೂರಬೇಕು. ಅವರು ಬೆರಳಗಂಟಿನಿಂದ ಟಕ್ ಎಂದರೆ ಅವರ ಕಣ್ಣು ನೋಡಬೇಕು. ಇನ್ನೊಮ್ಮೆ ಟಕ್ ಎಂದರೆ ಹೇಳಿಕೊಟ್ಟ ಉತ್ತರ ಹೇಳಬೇಕು. ಹೇಳಿದರೆ ಒಂದು ಪೆಪ್ಪರ್‌ಮಿಂಟು. ಕೈ ಅಲುಗಿದರೆ, ದೊಡ್ಡವರೊಬ್ಬರು ಹಿಂದಿನಿಂದ ಬಂದು ಮಣಿಕಟ್ಟು ಹಿಡಿದು ಮೇಜಿಗೆ ಒತ್ತುತ್ತಿದ್ದರು. ನಾನು ಅಳುವುದು ನಿಲ್ಲುವ ತನಕ, ಅವರು ಬಿಡುತ್ತಿರಲಿಲ್ಲ. ಯಾರೂ ಹೊಡೆಯಲಿಲ್ಲ. ಎಲ್ಲರೂ ನಗುನಗುತ್ತಲೇ ಇದ್ದರು. ಹೊಡೆದಿದ್ದರೆ ಹೇಳಿಕೊಳ್ಳಲಿಕ್ಕೆ ನನಗೊಂದು ಗಾಯವಾದರೂ ಇರುತ್ತಿತ್ತು.

ನಾನು ಆ ಶಾಲೆಯ ಹೆಮ್ಮೆ. ಇವತ್ತಿಗೂ ಅವರ ಗೋಡೆಯ ಮೇಲೆ ನನ್ನ ಫೋಟೋ ಇದೆ: ಹತ್ತು ವರ್ಷದ ಹುಡುಗಿ, ಎರಡು ಜಡೆ, ನೇರ ನೋಟ.

ಈಗ ಬಂದಿರುವ ಸಂಕಟ ಇದು. ನನ್ನ ತಮ್ಮನ ಮಗಳಿಗೆ ಆರು ವರ್ಷ. ಸದಾ ಗುಂಯ್ ಎನ್ನುತ್ತಿರುತ್ತಾಳೆಂದು ನಾವೆಲ್ಲ ಗುಂಗಿ ಎನ್ನುತ್ತೇವೆ. ಅವಳೂ ನನ್ನ ಹಾಗೇ. ಜೂನ್‌ನಲ್ಲಿ ಅವಳನ್ನು ಅದೇ ಶಾಲೆಗೆ ಸೇರಿಸುತ್ತಾರಂತೆ. ತಮ್ಮ ನನ್ನ ಮನೆಗೆ ಬಂದು, ಹೆಂಡತಿಯ ಎದುರೇ ಕೇಳಿದ: "ಅಕ್ಕ, ನೀನೇ ಹೇಳು. ನಿಂಗೆ ಅದ್ರಿಂದ ಒಳ್ಳೇದಾಯ್ತಾ ಇಲ್ವಾ?"

ನಾನು ಹೌದು ಎಂದೆ.

ಮಾರನೆಯ ದಿನ ನಾಲ್ಕು ಪುಟದ ಕಾಗದ ಬರೆದೆ, ಬೇಡ, ಬೇಡ, ಬೇಡ ಎಂದು. ಅವನು ಫೋನ್ ಮಾಡಿ ನಕ್ಕ. "ಎದುರಿಗೆ ಒಂದು, ಕಾಗದದಲ್ಲಿ ಒಂದು. ಯಾವುದನ್ನ ನಂಬ್ಲಿ ಅಕ್ಕ? ಬಾಯಿಂದ ಬಂದಿದ್ದನ್ನೇ ತಾನೆ?"

ಮೇ ತಿಂಗಳಲ್ಲಿ ಆ ಶಾಲೆಯ ಪೋಷಕರ ಸಭೆ ಇದೆ. ಮಾಸ್ತರರು ಇನ್ನೂ ಇದ್ದಾರೆ, ಎಂಬತ್ತು ದಾಟಿದೆ. ಅವರೇ ಫೋನ್ ಮಾಡಿ, ವೇದಿಕೆಯ ಮೇಲೆ ಎರಡು ಮಾತಾಡಬೇಕು ಎಂದರು. ಅದಕ್ಕೂ ಹೌದು ಎಂದಿದ್ದೇನೆ. ಅಷ್ಟರೊಳಗೆ ಈ ಬಾಯಿಯನ್ನು ಏನಾದರೂ ಮಾಡಲು ಸಾಧ್ಯವೇ? ನಿಮ್ಮ ಬಾಗಿಲ ಬೋರ್ಡಿನಲ್ಲಿ ಆಪ್ತಸಮಾಲೋಚಕಿ ಎಂದಿದೆ. ಆ ಧೈರ್ಯದ ಮೇಲೆ ಕೇಳುತ್ತಿದ್ದೇನೆ.

ಇತಿ,
ಗುರುವಾರ ನಾಲ್ಕು ಗಂಟೆಗೆ ಬಂದಿದ್ದವಳು

—

ಜನವರಿ 14

ನಮಸ್ಕಾರ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಪೆಪ್ಪರ್‌ಮಿಂಟು ಕಸದ ಬುಟ್ಟಿಗೆ ಹೋಯಿತು. ಟ್ಯೂಬ್‌ಲೈಟು ತೆಗೆಸಿ ಮೇಜಿನ ದೀಪ ಇಟ್ಟಿದ್ದೇನೆ. ಕುರ್ಚಿ ನಿಮಗೆ ಬೇಕಾದ ಕಡೆ ತಿರುಗಿಸಿಕೊಳ್ಳಿ, ಗೋಡೆಯ ಕಡೆಗಾದರೂ ಸರಿ. ಮಾತಾಡಲೇಬೇಕೆಂದಿಲ್ಲ. ಬರೆದು ತಂದು ಕೊಟ್ಟರೂ ಆಯಿತು, ಅಂಚೆಗೆ ಹಾಕಿದರೂ ಆಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮನ್ನು ಎಲ್ಲರಂತೆ ಮಾಡುವ ಕೆಲಸ ನನ್ನದಲ್ಲ. ನೀವು ಇರುವ ರೀತಿಯಲ್ಲಿ ರಿಪೇರಿ ಮಾಡಬೇಕಾದ್ದು ಏನೂ ಇಲ್ಲ. ನಿಮಗಾದ ಹೆದರಿಕೆಯ ಬಗ್ಗೆ ಮಾತ್ರ ನಾವು ಕೆಲಸ ಮಾಡೋಣ.

ನಿಮ್ಮ ಆಪ್ತಸಮಾಲೋಚಕಿ

—

ಫೆಬ್ರವರಿ 13

ಮೇಡಂ,

ನಿಮಗೆ ಬೇಸರವಾಗುವ ವಿಷಯ ಬರೆಯುತ್ತಿದ್ದೇನೆ. ನಾಲ್ಕು ಸಲ ಪೆನ್ನು ಕೆಳಗಿಟ್ಟೆ.

ಮೂರನೇ ಗುರುವಾರ ನಾನು ಕೂತಲ್ಲೇ ಎರಡೂ ಕೈ ಆಡಿಸಿದೆ. ನಿಮ್ಮ ಮುಖ ಅರಳಿತು. "ನೋಡಿ, ನೀವು ನೀವಾಗಿ ಇರೋಕೆ ಶುರು ಮಾಡಿದ್ರಿ! ತುಂಬ ಸಂತೋಷ" ಎಂದಿರಿ. ನಾಲ್ಕನೇ ಗುರುವಾರ ಇನ್ನೂ ಜೋರಾಗಿ ಆಡಿಸಿದೆ. ಐದನೇ ಗುರುವಾರ ಎದ್ದು ನಿಂತು ಆಡಿಸಿದೆ.

ಅದು ನನ್ನದಲ್ಲ ಮೇಡಂ. ನಿಮಗೆ ಬೇಕಾಗಿದ್ದದ್ದು ಅದು ಎಂದು ಎರಡನೇ ವಾರವೇ ಗೊತ್ತಾಗಿತ್ತು. ನನ್ನ ಕೈ ಸ್ವಲ್ಪ ಅಲುಗಿದಾಗಲೆಲ್ಲ ನಿಮ್ಮ ಹುಬ್ಬು ಮೇಲೇರುತ್ತಿತ್ತು. ಮಾಸ್ತರರಿಗೆ ಸುಮ್ಮನಿರುವ ಕೈ ಬೇಕಿತ್ತು, ಸುಮ್ಮನಿಟ್ಟೆ. ನಿಮಗೆ ಆಡುವ ಕೈ ಬೇಕು, ಆಡಿಸಿದೆ. ಅಲ್ಲಿ ಪೆಪ್ಪರ್‌ಮಿಂಟು ಸಿಗುತ್ತಿತ್ತು, ಇಲ್ಲಿ "ತುಂಬ ಸಂತೋಷ" ಸಿಗುತ್ತದೆ.

ನಮ್ಮ ನೆಲಮಾಳಿಗೆಗೆ ದಿನಕ್ಕೆ ಹತ್ತಾರು ಪುಸ್ತಕ ಬರುತ್ತವೆ. ಬರೀ ಹರಿದದ್ದಾದರೆ ಹೆದರಿಕೆಯಿಲ್ಲ. ಹಿಂದೆ ಯಾರೋ ಪ್ರೀತಿಯಿಂದ ಟೇಪು ಅಂಟಿಸಿಟ್ಟ ಪುಸ್ತಕ ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಟೇಪಿನ ಜೊತೆ ಅಕ್ಷರವೂ ಎದ್ದು ಬರುತ್ತದೆ. ನಾನು ಅಂಥದ್ದು. ಎಲ್ಲ ಕಿತ್ತ ಮೇಲೆ ಕೆಳಗೆ ಏನೂ ಬರೆದಿಲ್ಲದಿದ್ದರೆ? ಶಾಲೆಯ ಹೆದರಿಕೆ ನನಗೆ ಹಳೆಯದು, ರೂಢಿಯಾಗಿದೆ. ಇದು ಹೊಸದು. ಮೂರು ದಿನದಿಂದ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ.

ಮೇಲ್ವಿಚಾರಕಿ ಬೇರೆ ಗೊಣಗುತ್ತಾಳೆ, "ನಿನ್ನ ಕೋಟಿನ ಜೇಬಲ್ಲಿ ಬರೀ ದಾರದ ಗಂಟು ಕಣೇ. ಎಷ್ಟು ಹಾಳು ಮಾಡ್ತೀಯ!" ಎಂದು. ಯಾವಾಗ ಗಂಟು ಹಾಕುತ್ತೇನೋ ನನಗೇ ತಿಳಿಯದು. ಅವಳಿಗೂ ಹೌದು ಎಂದೆ.

ಇತಿ,
ಪುಸ್ತಕ ಹೊಲಿಯುವವಳು

—

ಫೆಬ್ರವರಿ 18

ನಮಸ್ಕಾರ.

ನೀವು ಬರೆದದ್ದು ಸರಿ. ನನ್ನ ಹುಬ್ಬನ್ನು ನಾನು ನೋಡಿಕೊಂಡಿರಲಿಲ್ಲ. ಒಳ್ಳೆಯದು ಮಾಡುತ್ತಿದ್ದೇನೆಂಬ ಸಂಭ್ರಮದಲ್ಲಿ ನಿಮ್ಮಿಂದ ನನಗೆ ಬೇಕಾದ್ದನ್ನು ಕಿತ್ತುಕೊಂಡೆ. ಕ್ಷಮಿಸಿ.

ಇನ್ನು ಮೇಲೆ ಮೆಚ್ಚುವುದಿಲ್ಲ. ನಿಮ್ಮ ಕೈ ಏನು ಮಾಡಿದರೂ, ಮಾಡದಿದ್ದರೂ, ಆ ಬಗ್ಗೆ ಮಾತಾಡುವುದಿಲ್ಲ. ಬೆನ್ನಿಗೆ ಬೆನ್ನು ಮಾಡಿ ಕೂರೋಣ, ಆಗ ನನ್ನ ಮುಖ ನಿಮಗೆ ಕಾಣುವುದಿಲ್ಲ. ಒಪ್ಪಿಗೆಯಿದ್ದರೆ, ಬಾಯಿಂದ "ಇಲ್ಲ" ಹೇಳುವುದನ್ನೂ ಸ್ವಲ್ಪ ಅಭ್ಯಾಸ ಮಾಡೋಣವೇ? ನಾನು ಸುಮ್ಮಸುಮ್ಮನೆ ಏನಾದರೂ ಕೇಳುತ್ತೇನೆ, ನೀವು ಇಲ್ಲ ಎನ್ನಿ.

ನಿಮ್ಮ ಆಪ್ತಸಮಾಲೋಚಕಿ

—

ಮಾರ್ಚ್ 20

ಮೇಡಂ,

ಒಂದು ತಿಂಗಳ ಲೆಕ್ಕ ಒಪ್ಪಿಸುತ್ತೇನೆ. ನೀವು "ನನಗೆ ಸೊಂಡಿಲು ಇದೆಯೇ?" ಎಂದಿರಿ, ನಾನು ಇಲ್ಲ ಎಂದೆ. "ಈ ಮೇಜನ್ನು ತಿನ್ನುತ್ತೀರಾ?" ಎಂದಿರಿ, ಇಲ್ಲ ಎಂದೆ. ಹೀಗೆ ಎಪ್ಪತ್ತೆರಡು "ಇಲ್ಲ" ಆಯಿತು. ಎಪ್ಪತ್ತೆರಡೂ ನೀವು ಹೇಳು ಎಂದಿದ್ದಕ್ಕೆ ಹೇಳಿದವು. ಹೇಳಿದಂತೆ ಕೇಳಿದ್ದೇ ಆಯಿತಲ್ಲ! ಬೆನ್ನ ಹಿಂದೆ ನೀವು ನಗು ತಡೆಯುತ್ತಿದ್ದದ್ದು ಕುರ್ಚಿ ಅದುರುವುದರಲ್ಲೇ ತಿಳಿಯುತ್ತಿತ್ತು. ನನಗೂ ನಗು ಬಂತು. ಹೊರಗೆ ಬಂದ ಮೇಲೆ ಮಾತ್ರ ಭಯವಾಯಿತು.

ನಿನ್ನೆ ಸಭೆಯ ಆಮಂತ್ರಣ ಬಂತು. ಕಾರ್ಡಿನ ಮೇಲೆ ಅದೇ ಎರಡು ಜಡೆಯ ಫೋಟೋ. ಕೆಳಗೆ ನಾನು ಹೇಳಬೇಕಾದ್ದನ್ನು ಅಚ್ಚು ಹಾಕಿಸಿದ್ದಾರೆ, ನಾನು ಇನ್ನೂ ಹೇಳಿಯೇ ಇಲ್ಲ! "ನಾನು ಚೆನ್ನಾಗಿದ್ದೇನೆ. ಇದರಿಂದ ನನಗೆ ಒಳ್ಳೆಯದೇ ಆಯಿತು. ಎಲ್ಲರಿಗೂ ಧನ್ಯವಾದ." ಎಂಟನೇ ವಯಸ್ಸಿನಿಂದ, ಯಾರೇ ದೊಡ್ಡ ಮನುಷ್ಯರು ಶಾಲೆ ನೋಡಲು ಬಂದರೂ ಈ ಮೂರು ವಾಕ್ಯ ಹೇಳಿದ್ದೇನೆ. ಮೂರನೆಯದರ ಕೊನೆಗೆ ನಗಬೇಕು, ಹಲ್ಲು ಕಾಣಬಾರದು.

ಗುಂಗಿಗೆ ಮನೆಯಲ್ಲೇ ತಯಾರಿ ಶುರುವಾಗಿದೆಯಂತೆ. ಊಟದ ಹೊತ್ತಿನಲ್ಲಿ ಗುಂಯ್ ಎಂದರೆ ತಟ್ಟೆ ಪಕ್ಕಕ್ಕೆ. ತಮ್ಮನ ಹೆಂಡತಿ ಕೆಟ್ಟವಳಲ್ಲ. ಅವಳೂ ಹೆದರಿದ್ದಾಳೆ. "ನಾವು ಹೋದ ಮೇಲೆ ಇವಳನ್ನ ಯಾರು ಸಹಿಸ್ಕೋತಾರೆ?" ಎಂದು ಕಣ್ಣೀರು ಹಾಕುತ್ತಾಳೆ. ಹೆದರಿದ ತಾಯಂದಿರಿಂದಲೇ ಆ ಶಾಲೆ ಐವತ್ತು ವರ್ಷ ನಡೆದಿದೆ. ನನ್ನ ಅಮ್ಮನೂ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದಳು. ನನ್ನ ಅಳು ಅವಳಿಗೆ ಕೇಳಿಸುತ್ತಿತ್ತು. ಅವಳ ಬಳೆಯ ಸದ್ದು ನನಗೆ ಕೇಳಿಸುತ್ತಿತ್ತು.

ಐವತ್ತು ವರ್ಷದಲ್ಲಿ ಎಷ್ಟೋ ಪುಸ್ತಕ ಬಂದಿವೆ, ಇದು ತಪ್ಪೆಂದು ಹೇಳುವಂಥವು. ನಾನೇ ಕೆಲವನ್ನು ಹೊಲಿದು ಬೆನ್ನು ಕಟ್ಟಿದ್ದೇನೆ. ಅವನ್ನು ಓದಿದವರು ಯಾರೂ ಆ ಬೆಂಚಿನಲ್ಲಿ ಕೂತಿಲ್ಲ, ಬೆಂಚಿನಲ್ಲಿ ಕೂತವರಿಗೆ ಯಾರೂ ಓದಿ ಹೇಳಿಲ್ಲ.

ಇತಿ,
ಪುಸ್ತಕ ಹೊಲಿಯುವವಳು

—

ಏಪ್ರಿಲ್ 22

ನಮಸ್ಕಾರ.

ಎರಡು ಗುರುವಾರ ನೀವು ಬರಲಿಲ್ಲ. ಕಾರಣ ಕೇಳುತ್ತಿಲ್ಲ. ಸಭೆ ಹತ್ತಿರ ಬರುತ್ತಿದೆ, ನನಗೂ ಆತಂಕವಾಗುತ್ತಿದೆ. ನೀವು ಒಪ್ಪಿದರೆ ನಾನೇ ನಿಮ್ಮ ತಮ್ಮನಿಗೆ ಫೋನ್ ಮಾಡಿ ಎಲ್ಲ ವಿವರಿಸುತ್ತೇನೆ. ಸಭೆಗೂ ಬರುತ್ತೇನೆ, ನಿಮ್ಮ ಪಕ್ಕದಲ್ಲೇ ಇರುತ್ತೇನೆ. ಬೇಕಾದರೆ ನಿಮ್ಮ ಪರವಾಗಿ ನಾನೇ ಮಾತಾಡುತ್ತೇನೆ.

ನಿಮ್ಮ ಆಪ್ತಸಮಾಲೋಚಕಿ

—

ಏಪ್ರಿಲ್ 25

ಮೇಡಂ,

ಬೇಡ.

ಫೋನ್ ಮಾಡಬೇಡಿ. ಸಭೆಗೆ ಬರಬೇಡಿ. ನನ್ನ ಪರವಾಗಿ ಮಾತಾಡಿದವರು ಈಗಾಗಲೇ ಬಹಳ ಜನ ಆಗಿದ್ದಾರೆ.

ನೀವು ಕೋಪಿಸಿಕೊಂಡು ಇನ್ನು ಬರಬೇಡಿ ಎಂದರೆ ಏನು ಮಾಡಲಿ?

ಪುಸ್ತಕ ಹೊಲಿಯುವವಳು

—

ಏಪ್ರಿಲ್ 28

ಸರಿ.

ಗುರುವಾರ ನಾಲ್ಕು ಗಂಟೆ ನಿಮ್ಮದೇ, ಬಂದರೂ ಬಾರದಿದ್ದರೂ.

ನಿಮ್ಮ ಆಪ್ತಸಮಾಲೋಚಕಿ

—

ಮೇ 4

ತಮ್ಮಾ,

ಈ ಕಾಗದವನ್ನು ನೀನು ಹೆಂಡತಿಯ ಜೊತೆ ಕೂತು ಓದಬೇಕು. ನಗಬೇಡ. ಹಿಂದಿನ ನಾಲ್ಕು ಪುಟದ ಕಾಗದಕ್ಕೆ ನಕ್ಕೆಯಲ್ಲ, ಅದನ್ನು ಬಿಟ್ಟುಬಿಟ್ಟಿದ್ದೇನೆ.

ಭಾನುವಾರ ನಾನು ವೇದಿಕೆ ಹತ್ತುತ್ತೇನೆ. ಮಾಸ್ತರರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವರು ಎರಡು ಸಲ ತಟ್ಟುತ್ತಾರೆ, ಕುರ್ಚಿಯ ಕೈ ಮೇಲೋ, ಊರುಗೋಲಿನಿಂದ ನೆಲಕ್ಕೋ. ಬೇಕೆಂದೇ ತಟ್ಟುತ್ತಾರೆ ಎಂದಲ್ಲ, ಅವರಿಗೂ ಅದು ಅಭ್ಯಾಸ. ಆಗ ನಾನು ಅವರ ಕಣ್ಣನ್ನೇ ನೋಡಿ ಹೀಗೆ ಹೇಳುತ್ತೇನೆ: "ನಾನು ಚೆನ್ನಾಗಿದ್ದೇನೆ. ಇದರಿಂದ ನನಗೆ ಒಳ್ಳೆಯದೇ ಆಯಿತು. ಎಲ್ಲರಿಗೂ ಧನ್ಯವಾದ." ಆಮೇಲೆ ಹಲ್ಲು ಕಾಣದಂತೆ ನಗುತ್ತೇನೆ. ಬೇರೆ ಏನಾದರೂ ಹೇಳಲು ಆಗುತ್ತದೆಯೇ ಎಂದು ನಾಲ್ಕು ತಿಂಗಳು ನೋಡಿದೆ. ಆಗುವುದಿಲ್ಲ.

ಮೊದಲು ಕೇಳಿಸಿಕೋ. ಆಮೇಲೆ ನಿನಗೆ ಸಂಶಯವಿದ್ದರೆ ನೀನೇ ತಟ್ಟು. ಸಭಾಂಗಣದ ಯಾವ ಮೂಲೆಯಿಂದಾದರೂ ಸರಿ, ಎರಡು ಸಲ. ಎಷ್ಟು ಜನರಿದ್ದರೂ ಪರವಾಗಿಲ್ಲ. ಜನರಿದ್ದರೇ ಒಳ್ಳೆಯದು, ಅವರ ಮಕ್ಕಳೂ ಆ ಮೇಜಿಗೆ ಹೋಗುವವರೇ ತಾನೆ. ಈ ಒಂದು ದಿನಕ್ಕೆ ಮಾತ್ರ ಒಪ್ಪಿಗೆ ಕೊಟ್ಟಿದ್ದೇನೆ, ಇದನ್ನು ಮರೆಯಬೇಡ.

ನಿನಗೆ ತಟ್ಟಲು ಬರುತ್ತದೆ. ನಿನಗೆ ನೆನಪಿದೆಯೋ ಇಲ್ಲವೋ, ನಾನು ಶಾಲೆಯಿಂದ ಬಂದು ಬೀರುವಿನೊಳಗೆ ಬಟ್ಟೆಗಳ ನಡುವೆ ಕೂತಿರುತ್ತಿದ್ದೆ. ನಿನಗಾಗ ನಾಲ್ಕು ವರ್ಷ.

ಏನಿದ್ದರೂ ಕಾಗದದಲ್ಲೇ ಉತ್ತರ ಬರೆ. ಎದುರಿಗೆ ಕೇಳಬೇಡ.

ನಿನ್ನ ಅಕ್ಕ

—

ಮೇ 12

ಅಕ್ಕ,

ನಾನು ದಿನವಿಡೀ ಕನ್ನಡಕದಂಗಡಿಯಲ್ಲಿ ಜನರ ಕಣ್ಣನ್ನೇ ನೋಡುವವನು. ನಿನ್ನ ಕಣ್ಣನ್ನು ನೋಡಿದ್ದು ಮೊನ್ನೆಯೇ. ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೋ.

ನೀನು ಬರೆದಂತೆಯೇ ಆಯಿತು. ಮಾಸ್ತರರು ಊರುಗೋಲಿನಿಂದ ಟಕ್ ಟಕ್ ಎಂದರು, ನೀನು ಹೇಳಿದೆ. ನಿನ್ನ ಕಾಗದ ನನ್ನ ತೊಡೆಯ ಮೇಲಿತ್ತು. ಇವಳೂ ಬಗ್ಗಿ ನೋಡುತ್ತಿದ್ದಳು, ಗುಂಗಿ ನಮ್ಮಿಬ್ಬರ ನಡುವೆ ಕೂತಿದ್ದಳು. ಒಂದಕ್ಷರ ಆಚೀಚೆ ಇಲ್ಲ. ಸುತ್ತ ಚಪ್ಪಾಳೆ. ಪಕ್ಕದ ಗಂಡಸು ಅರ್ಜಿ ತುಂಬಲು ನನ್ನ ಹತ್ತಿರ ಪೆನ್ನು ಕೇಳಿದ.

ಆದರೂ ನಂಬಲಿಲ್ಲ ಅಕ್ಕ. ನಿಜ ಹೇಳುತ್ತೇನೆ. ಬಾಯಿಪಾಠ ಮಾಡಿಕೊಂಡು ಬಂದಿರಬಹುದು ಎಂದುಕೊಂಡೆ. ನೀನು ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ, ನಮಗೆ ಬೆನ್ನು ಮಾಡಿ ಬಾಗಿಲ ಕಡೆ ಹೋಗುತ್ತಿದ್ದೆ. ನಾನು ಬೆಂಚಿನ ಹಲಗೆಯ ಮೇಲೆ ಎರಡು ಸಲ ತಟ್ಟಿದೆ.

ನೀನು ನಿಂತೆ, ತಿರುಗಿದೆ. ನನ್ನ ಕಣ್ಣು ಹುಡುಕಿ ಹೇಳಿದೆ, ಮೂರು ವಾಕ್ಯ. ನಕ್ಕೆ.

ಚಪ್ಪಾಳೆ ನಿಂತುಹೋಯಿತು. ಏನಾಯಿತೆಂದು ಜನ ತಿರುಗಿ ನೋಡಿದರು. ನಾನು ಎದ್ದು ನಿಂತು, ಎಲ್ಲರಿಗೂ ಕಾಣುವಂತೆ ಕೈ ಎತ್ತಿ, ಇನ್ನೊಮ್ಮೆ ತಟ್ಟಿದೆ. ನೀನು ಇನ್ನೊಮ್ಮೆ ಹೇಳಿದೆ. ನಿನ್ನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ನಗು ಹಾಗೇ ಇತ್ತು. ಯಾರೋ ಹೆಂಗಸು "ಅಯ್ಯೋ, ಸಾಕು ನಿಲ್ಸಿ" ಎಂದಳು. ಮಾಸ್ತರರು ಊರುಗೋಲು ಎತ್ತಿ, "ನೋಡಿ, ನೋಡಿ! ನಲವತ್ತು ವರ್ಷ ಆದ್ರೂ ಮರೆತಿಲ್ಲ!" ಎಂದರು. ಅವರ ಮುಖದಲ್ಲಿ ಎಂಥ ಹೆಮ್ಮೆ ಅಂತೀಯ. ಅವರಿಗೆ ಆಗಲೂ ಏನೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಗುಂಗಿ ಬೆಂಚಿನ ಮೇಲೆ ಹತ್ತಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಪ್ಪಾ, ತಟ್ಬೇಡ. ಅತ್ತೆ ಅಲ್ಲಿಲ್ಲ" ಎಂದಳು.

ನೀನು ಅವಳನ್ನು ಬಸ್ಸಿಗೆ ಕರೆದುಕೊಂಡು ಹೋದ ಮೇಲೆ ನಾವು ಅರ್ಜಿ ವಾಪಸ್ ತೆಗೆದುಕೊಂಡೆವು. ಹರಿದದ್ದು ಇವಳು. ನಮ್ಮ ಜೊತೆ ಇನ್ನೂ ಮೂರು ಮನೆಯವರು ಎದ್ದು ಬಂದರು. ಉಳಿದವರು ಬರಲಿಲ್ಲ ಅಕ್ಕ. ಪೆನ್ನು ಕೇಳಿದವನು ತುಂಬಿ ಕೊಟ್ಟೇ ಹೋದ.

ಬೀರುವಿನದು ನೆನಪಿದೆ. ಬಾಗಿಲಿಗೆ ಎರಡು ಸಲ ತಟ್ಟಿದರೆ ನೀನು ಹೊರಗೆ ಬಂದು ನೆಟ್ಟಗೆ ನಿಂತು "ನಾನು ಚೆನ್ನಾಗಿದ್ದೇನೆ" ಎನ್ನುತ್ತಿದ್ದೆ. ನನಗೆ ಅದು ಆಟ. ನಿನ್ನ ಪಾಲಿನ ಬಿಸ್ಕತ್ತು ಬೇಕಾದಾಗಲೂ ತಟ್ಟಿದ್ದೇನೆ. ಏಳು ವರ್ಷ ಆಗುವ ತನಕ ತಟ್ಟಿದ್ದೇನೆ. ಅಷ್ಟು ದೊಡ್ಡ ಹುಡುಗನಿಗೆ ತಿಳಿಯುವುದಿಲ್ಲವೇ? ಎಲ್ಲೋ ಒಂದು ಕಡೆ ತಿಳಿದಿತ್ತು. ಅದಕ್ಕೇ ಇರಬೇಕು, ನಿನ್ನ ಕಾಗದಕ್ಕೆ ಅಷ್ಟು ಜೋರಾಗಿ ನಕ್ಕದ್ದು.

ಇನ್ನು ಮೇಲೆ ನಿನ್ನ ಮನೆಗೆ ಬಂದರೆ ಬಾಗಿಲು ತಟ್ಟುವುದಿಲ್ಲ. ಹೊರಗೆ ನಿಂತು ಕೆಮ್ಮುತ್ತೇನೆ.

ನಿನ್ನ ತಮ್ಮ

—

ಮೇ 17

ಮೇಡಂ,

ತಮ್ಮನ ಕಾಗದದ ನಕಲು ಇದರ ಜೊತೆಗಿದೆ, ಸಭೆಯ ವಿಷಯ ಅದರಲ್ಲೇ ಓದಿಕೊಳ್ಳಿ. ಆ ಹೊತ್ತಿನದು ನನಗೆ ಏನೂ ನೆನಪಿಲ್ಲ. ಎಲ್ಲವನ್ನೂ ನೆನಪಿಡುವ ನನಗೆ, ಆ ಮೂರೂ ಸಲದ್ದು ಖಾಲಿ. ಗುಂಗಿ ಹೇಳಿದ್ದು ಸರಿ, ನಾನು ಅಲ್ಲಿರಲಿಲ್ಲ.

ಗೆದ್ದೆ ಎಂದು ಬರೆಯಲಾರೆ. ಪೆನ್ನು ಕೇಳಿದವನಿಗೂ ಒಂದು ಮಗುವಿದೆ. ನನ್ನ ಬಾಯಿಮಾತು ಕೇಳಿ ಆ ಮಗು ಜೂನ್‌ನಲ್ಲಿ ಆ ಮೇಜಿಗೆ ಹೋಗುತ್ತದೆ. ಇದು ನನ್ನನ್ನು ರಾತ್ರಿ ಎಬ್ಬಿಸಿ ಕೂರಿಸುತ್ತದೆ. ಆ ಶಾಲೆಯ ಮೇಲೆ ದೂರು ಬರೆಯಲು ಶುರು ಮಾಡಿದ್ದೇನೆ, ಹದಿನಾಲ್ಕು ಪುಟ ಆಗಿದೆ. ಫೋಟೋ ಗೋಡೆಯಿಂದ ಇಳಿಸಬೇಕು ಎಂಬುದು ಮೊದಲ ಸಾಲು. ಓದುವವರು ಎದುರಿಗೆ ಕರೆಸಿ ಕೇಳಿದರೆ ಏನು ಗತಿ ಎಂಬ ಹೆದರಿಕೆ ಹಾಗೇ ಇದೆ. ಎದುರಿಗೆ ಕರೆಯಬಾರದು ಎಂಬುದನ್ನೇ ಎರಡನೇ ಸಾಲಾಗಿ ಹಾಕಿದೆ.

ಸಭೆಯ ದಿನ ಬಸ್‌ಸ್ಟಾಪಿನಲ್ಲಿ ಚಿಲ್ಲರೆಗೆಂದು ಕೋಟಿನ ಜೇಬಿಗೆ ಕೈ ಹಾಕಿದೆ. ಪುಸ್ತಕ ಹೊಲಿಯುವ ಮೇಣದ ದಾರ ಸಿಕ್ಕಿತು, ಅದರ ತುಂಬ ಸಣ್ಣ ಸಣ್ಣ ಗಂಟು, ಒತ್ತೊತ್ತಾಗಿ. ಬೆಳಿಗ್ಗೆ ಹೊರಡುವಾಗ ಅದು ಬರೀ ದಾರವಾಗಿತ್ತು. ಅಂದರೆ ವೇದಿಕೆಯ ಮೇಲೆ ಹಾಕಿದ್ದು. ಇದನ್ನು ಯಾರೂ ಕಲಿಸಿಲ್ಲ, ಯಾರೂ ಮೆಚ್ಚಿಲ್ಲ, ಮೇಲ್ವಿಚಾರಕಿ ಬೈದಿದ್ದಾಳೆ ಅಷ್ಟೆ. ನೀವು ಇದರ ಬಗ್ಗೆ ಏನೂ ಹೇಳಬೇಡಿ. ಮುಖ್ಯವಾಗಿ ಸಂತೋಷ ಪಡಬೇಡಿ.

ಬಸ್ಸು ಬಂತು. ಇಬ್ಬರ ಸೀಟು ಒಂದು ಖಾಲಿಯಿತ್ತು. ಗುಂಗಿ ನನ್ನ ಕೋಟು ಜಗ್ಗಿ, "ಅತ್ತೆ, ನಾನು ಕಿಟಕಿ ಹತ್ರ ಕೂತ್ಕೊಳ್ಲಾ?" ಎಂದಳು.

ನನಗೆ ತಲೆ ಸುತ್ತುತ್ತಿತ್ತು, ಗಾಳಿ ಬೇಕಿತ್ತು. "ಇಲ್ಲ" ಎಂದೆ. "ಇವತ್ತು ಕಿಟಕಿ ನನಗೆ."

ಹೇಳಿದ ಮೇಲೆಯೇ ನನಗೆ ಕೇಳಿಸಿದ್ದು. ಬೈಯುತ್ತಾಳೆ, ಅಳುತ್ತಾಳೆ, ಯಾರೋ ಬಂದು ಮಣಿಕಟ್ಟು ಹಿಡಿಯುತ್ತಾರೆ ಎಂದು ಕಾದೆ.

"ಸರಿ" ಎಂದಳು ಅವಳು. ಈಚೆ ಕಡೆ ಕೂತು ಕಾಲಾಡಿಸುತ್ತಾ ಗುಂಯ್ ಎನ್ನತೊಡಗಿದಳು.

ಇತಿ,
ಕಿಟಕಿ ಪಕ್ಕದವಳು